ಹಲವು ಕಸುಬು, ಒಂದು ಚಿತ್ರ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿವೆ. ಬಂಡೆಗಲ್ಲಿನ ಬೆಟ್ಟಗಳು, ಮಳೆಯನ್ನೇ ನಂಬಿದ ಹೊಲಗಳು, ತುಂಬಿದರೆ ಸಂಭ್ರಮವನ್ನೂ ಬತ್ತಿದರೆ ಚಿಂತೆಯನ್ನೂ ತರುವ ಕೆರೆಗಳು ಈ ಸೀಮೆಯ ಲಕ್ಷಣಗಳು. ಸುಗ್ಗಿ ಮುಗಿದು ಕೈಗೆ ಬಿಡುವು ಸಿಕ್ಕಿತೆಂದರೆ ಇಲ್ಲಿಯ ಎಷ್ಟೋ ಊರುಗಳಲ್ಲಿ ಪೌರಾಣಿಕ ನಾಟಕದ ಅಭ್ಯಾಸ ಆರಂಭವಾಗುವುದುಂಟು. ಹಾರ್ಮೋನಿಯಂ ಮೇಷ್ಟರು ಬಂದು ಕುಳಿತುಕೊಳ್ಳುತ್ತಾರೆ. ಹಗಲೆಲ್ಲ ನೇಗಿಲು ಹಿಡಿದವನು ರಾತ್ರಿ ದುರ್ಯೋಧನನಾಗುತ್ತಾನೆ. ಅಂಗಡಿಯಲ್ಲಿ ತಕ್ಕಡಿ ಹಿಡಿದವನು ಶಕುನಿಯಾಗುತ್ತಾನೆ. ಶಾಲೆಯ ಉಪಾಧ್ಯಾಯರು ಶ್ರೀಕೃಷ್ಣನ ಕಿರೀಟ ಧರಿಸುತ್ತಾರೆ. ‘ನೀನು ಅಭಿನಯವನ್ನು ಎಲ್ಲಿ ಕಲಿತೆ?’ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಊರಿನ ನಾಟಕ ಊರಿನವರೆಲ್ಲರದು.

ಚಲನಚಿತ್ರದ ಮಾತು ಬಂದಾಗ ಮಾತ್ರ ಈ ಧೈರ್ಯ ಸಾಲದಾಗುತ್ತಿತ್ತು. ಸಿನಿಮಾ ಎಂದರೆ ಬಹಳ ಹಣ ಬೇಡುವ ಉದ್ಯಮ. ಅದರ ಬಾಗಿಲು ತೆರೆಯಬೇಕಾದರೆ ಮೊದಲು ವೃತ್ತಿರಂಗಭೂಮಿಯಲ್ಲಿ ಪಳಗಬೇಕು ಎಂಬುದು ಬಹುಕಾಲ ನಡೆದುಬಂದ ಪದ್ಧತಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನಾದ್ಯಂತ ಪ್ರಸಿದ್ಧವಾಯಿತು. ರಾಜಕುಮಾರ್, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು ಮೊದಲಾದವರು ಅಲ್ಲಿ ದುಡಿದು, ಅನಂತರ ಮದರಾಸಿನ ಸ್ಟುಡಿಯೋಗಳ ಕಡೆಗೆ ನಡೆದರು. ಆ ದಾರಿ ಗೌರವದ ದಾರಿಯೇ ಹೌದು. ಆದರೆ ಕಂಪನಿಯ ಅನ್ನ ಉಣ್ಣದವರಿಗೆ, ಬೇರೊಂದು ಉದ್ಯೋಗದಲ್ಲಿ ಇದ್ದವರಿಗೆ ಚಿತ್ರ ನಿರ್ಮಿಸುವ ಶಕ್ತಿ ಉಂಟೇ? ಈ ಪ್ರಶ್ನೆಗೆ ಕನ್ನಡದಲ್ಲಿ ಸ್ಪಷ್ಟವಾದ ಉತ್ತರ ಕೊಟ್ಟದ್ದು ೧೯೭೦ರಲ್ಲಿ ತಯಾರಾದ ‘ಸಂಸ್ಕಾರ’ ಎಂಬ ಚಿತ್ರ.

ಯು.ಆರ್. ಅನಂತಮೂರ್ತಿಯವರು ಬರೆದು ೧೯೬೫ರಲ್ಲಿ ಪ್ರಕಟವಾದ ಕಾದಂಬರಿಯೇ ಈ ಚಿತ್ರಕ್ಕೆ ಆಧಾರ. ಮಲೆನಾಡಿನ ಒಂದು ಅಗ್ರಹಾರದಲ್ಲಿ, ಆಚಾರವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪನೆಂಬುವನು ಪ್ಲೇಗಿಗೆ ತುತ್ತಾಗುತ್ತಾನೆ. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಎದ್ದು, ಎಲ್ಲರೂ ಪಂಡಿತರಾದ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಉತ್ತರ ದೊರೆಯದೆ ಆಚಾರ್ಯರ ನಂಬಿಕೆಗಳೇ ಅಲುಗಾಡತೊಡಗುತ್ತವೆ. ಹಾಡು, ಕುಣಿತ, ಹೊಡೆದಾಟಗಳಿಗೆ ಎಡೆಯಿಲ್ಲದ ಇಂಥ ಕಥೆಗೆ ಹಣ ಹೂಡಲು ಉದ್ಯಮದವರು ಮುಂದೆ ಬರುವುದು ಕಷ್ಟವಿತ್ತು. ಆದುದರಿಂದ ಗೆಳೆಯರ ಒಂದು ಗುಂಪು ಆ ಭಾರವನ್ನು ತಾನೇ ಹೊತ್ತುಕೊಂಡಿತು. ಆ ಗುಂಪಿನಲ್ಲಿ ಯಾರು ಯಾರಿದ್ದರು ಎಂಬುದು ತಿಳಿಯತಕ್ಕ ವಿಷಯ.

ನಿರ್ಮಾಪಕರೂ ನಿರ್ದೇಶಕರೂ ಆದ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನವರು. ತೆಲುಗಿನಲ್ಲಿ ಹೊಸ ಬಗೆಯ ಕಾವ್ಯ ಬರೆದು ಹೆಸರಾದ ಕವಿ. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿಯೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿದವರು. ತೆಲುಗು ಚಿತ್ರಗಳ ನಿರ್ಮಾಣದಲ್ಲಿ ಅನುಭವ ಪಡೆದಿದ್ದರೂ ಕನ್ನಡ ಅವರ ಮಾತೃಭಾಷೆಯಾಗಿರಲಿಲ್ಲ. ಅವರ ಪತ್ನಿ ಸ್ನೇಹಲತಾ ರೆಡ್ಡಿಯವರು ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ನಾರಣಪ್ಪನ ಸಂಗಾತಿ ಚಂದ್ರಿಯ ಪಾತ್ರ ಅವರದಾಯಿತು.

ಪ್ರಾಣೇಶಾಚಾರ್ಯರಾಗಿ ಅಭಿನಯಿಸಿ, ಚಿತ್ರಕಥೆಯನ್ನೂ ಬರೆದವರು ಗಿರೀಶ ಕಾರ್ನಾಡರು. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ೧೯೬೩ರಿಂದ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆಯ ಉದ್ಯೋಗದಲ್ಲಿದ್ದರು. ‘ಯಯಾತಿ’, ‘ತುಘಲಕ್’ ನಾಟಕಗಳನ್ನು ಆ ವೇಳೆಗಾಗಲೇ ಬರೆದಿದ್ದರು. ನಾರಣಪ್ಪನ ಪಾತ್ರ ವಹಿಸಿದ ಪಿ. ಲಂಕೇಶರು ಬೆಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ಕಥೆ, ಕವಿತೆ, ನಾಟಕಗಳ ಲೇಖಕರು.

ತೆರೆಯ ಹಿಂದೆ ದುಡಿದವರ ಹಿನ್ನೆಲೆ ಇನ್ನೂ ವಿಚಿತ್ರವಾದುದು. ಸಂಗೀತ ನೀಡಿದ ರಾಜೀವ ತಾರಾನಾಥರು ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು ಪಾಠ ಹೇಳುತ್ತಿದ್ದವರು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ವಾದನವನ್ನು ಸಾಧಿಸಿದವರು. ಕಲಾನಿರ್ದೇಶನದ ಹೊಣೆ ಹೊತ್ತ ಎಸ್.ಜಿ. ವಾಸುದೇವ್ ವರ್ಣಚಿತ್ರಕಾರರು. ಮದರಾಸಿನ ಬಳಿ ಕಡಲ ದಂಡೆಯಲ್ಲಿ ೧೯೬೬ರಲ್ಲಿ ಕಲಾವಿದರೇ ಕೂಡಿ ನೆಲೆಗೊಳಿಸಿದ ಚೋಳಮಂಡಲವೆಂಬ ಗ್ರಾಮಕ್ಕೆ ಸೇರಿದವರು. ಅಲ್ಲಿಯ ಕಲಾವಿದರು ಕರಕುಶಲ ವಸ್ತುಗಳನ್ನು ಮಾರಿ ಹೊಟ್ಟೆ ಹೊರೆಯುತ್ತ, ಉಳಿದ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದರು. ಛಾಯಾಗ್ರಾಹಕ ಟಾಮ್ ಕವನ್ ದೂರದ ಆಸ್ಟ್ರೇಲಿಯದಿಂದ ಬಂದವರು. ಅವರಿಗೆ ಕನ್ನಡವೂ ತಿಳಿಯದು, ಅಗ್ರಹಾರದ ಬದುಕೂ ತಿಳಿಯದು.

ಹಾಗೆಂದು ಕಸುಬಿನ ಅನುಭವವೇ ಇಲ್ಲದೆ ಕೆಲಸ ಸಾಗಿತೆಂದು ಭಾವಿಸಲಾಗದು. ಚಿತ್ರೀಕರಣದ ವ್ಯವಸ್ಥೆಯನ್ನು ನೋಡಿಕೊಂಡ ಸಿಂಗೀತಂ ಶ್ರೀನಿವಾಸ ರಾವ್ ಅವರು ಪ್ರಸಿದ್ಧ ನಿರ್ದೇಶಕ ಕೆ.ವಿ. ರೆಡ್ಡಿಯವರ ಕೈಕೆಳಗೆ ವರ್ಷಗಟ್ಟಲೆ ಸಹಾಯಕರಾಗಿ ಪಳಗಿದವರು. ಉಳಿದವರ ಉತ್ಸಾಹಕ್ಕೆ ಅವರ ಶಿಸ್ತು ಆಸರೆಯಾಯಿತು. ಕವಿಯ ಕಲ್ಪನೆ, ನಾಟಕಕಾರನ ಮಾತಿನ ಹದ, ಚಿತ್ರಕಾರನ ಕಣ್ಣು, ಸಂಗೀತಗಾರನ ಕಿವಿ ಮತ್ತು ನುರಿತ ಸಹಾಯಕನ ಲೆಕ್ಕಾಚಾರ ಇವೆಲ್ಲವೂ ಶೃಂಗೇರಿಯ ಸಮೀಪದ ವೈಕುಂಠಪುರವೆಂಬ ಹಳ್ಳಿಯಲ್ಲಿ ಒಂದುಗೂಡಿದವು. ಸ್ಟುಡಿಯೋದ ಹಲಗೆಯ ಮನೆಗಳ ಬದಲು ನಿಜವಾದ ಹಳ್ಳಿಯ ಬೀದಿ, ಜಗುಲಿ, ಅಂಗಳಗಳೇ ಕಪ್ಪು ಬಿಳುಪಿನ ಚಿತ್ರದಲ್ಲಿ ಮೂಡಿದವು.

ಚಿತ್ರ ಸಿದ್ಧವಾದ ಮೇಲೆ ದೊಡ್ಡದೊಂದು ವಿಘ್ನ ಎದುರಾಯಿತು. ಜಾತಿ ಮತ್ತು ಆಚಾರಗಳನ್ನು ಪ್ರಶ್ನಿಸುವ ಈ ಕಥೆಯಿಂದ ಕೆಲವರ ಮನಸ್ಸು ನೋಯಬಹುದೆಂದು ಮದರಾಸಿನ ಸೆನ್ಸಾರ್ ಮಂಡಲಿಯು ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತು. ಆ ತೀರ್ಮಾನವೇ ಉಳಿದಿದ್ದರೆ ಅಷ್ಟು ಜನರ ಶ್ರಮ ಡಬ್ಬಿಯಲ್ಲಿ ಮುಚ್ಚಿಹೋಗುತ್ತಿತ್ತು. ಕೊನೆಗೆ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಇಲಾಖೆಯು ನಿಷೇಧವನ್ನು ತೆಗೆದುಹಾಕಿತು. ೧೯೭೦ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ‘ಸಂಸ್ಕಾರ’ಕ್ಕೆ ರಾಷ್ಟ್ರಪತಿಯವರ ಸ್ವರ್ಣಪದಕ ದೊರೆಯಿತು. ಕನ್ನಡ ಚಿತ್ರವೊಂದಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಈ ಗುಂಪಿನವರ ಮುಂದಿನ ಬದುಕು ಬೇರೆ ಬೇರೆ ದಿಕ್ಕಿಗೆ ಹರಿಯಿತು. ಕಾರ್ನಾಡರು ನಾಟಕ, ಚಿತ್ರ ಎರಡರಲ್ಲಿಯೂ ಮುಂದುವರಿದು ೧೯೯೮ರಲ್ಲಿ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಲಂಕೇಶರು ‘ಪಲ್ಲವಿ’ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, ೧೯೮೦ರಲ್ಲಿ ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ಸಿಂಗೀತಂ ಅವರು ಮಾತೇ ಇಲ್ಲದ ‘ಪುಷ್ಪಕ ವಿಮಾನ’ದಂತಹ ಚಿತ್ರಗಳಿಂದ ಜನಪ್ರಿಯರಾದರು. ಸ್ನೇಹಲತಾ ಅವರ ಪಾಲಿಗೆ ಬಂದದ್ದು ಕಠಿಣವಾದ ಪರೀಕ್ಷೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿ ಇರಿಸಲಾಯಿತು. ಉಬ್ಬಸದಿಂದ ನರಳುತ್ತಿದ್ದ ಅವರ ಆರೋಗ್ಯ ಅಲ್ಲಿ ಪೂರ್ಣವಾಗಿ ಕುಸಿಯಿತು. ೧೯೭೭ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತೆರೆಯ ಮೇಲೆ ಚಂದ್ರಿಯ ಧೈರ್ಯವನ್ನು ತೋರಿಸಿದ ಕಲಾವಿದೆ ಬಾಳಿನಲ್ಲಿಯೂ ಅದಕ್ಕೆ ಬೆಲೆ ತೆತ್ತರು.

ಇಂಥ ಚಿತ್ರಗಳು ತೋರಿಸಿದ ದಾರಿಯಲ್ಲಿ ಅನಂತರದ ವರ್ಷಗಳಲ್ಲಿ ಹಲವರು ನಡೆದರು. ಅವರಲ್ಲಿ ಮಧುಗಿರಿ, ಶಿರಾ ಸೀಮೆಯವರೂ ಇದ್ದರು ಎಂಬುದು ಸಂತೋಷದ ಸಂಗತಿ. ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ ೧೯೪೬ರಲ್ಲಿ ಜನಿಸಿದ ದೊಡ್ಡರಂಗೇಗೌಡರು ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ೧೯೭೮ರಲ್ಲಿ ತೆರೆಗೆ ಬಂದ ‘ಪರಸಂಗದ ಗೆಂಡೆತಿಮ್ಮ’ ಚಿತ್ರಕ್ಕೆ ಅವರು ಹಾಡುಗಳನ್ನು ಬರೆದರು. ಹಳ್ಳಿಗಾಡಿನ ನುಡಿ ಆ ಗೀತೆಗಳ ಮೂಲಕ ಮನೆಮಾತಾಯಿತು. ಅದೇ ಚಿತ್ರದ ನಾಯಕ ಲೋಕೇಶ್ ಅವರದು ಬೇರೆಯೇ ಹಿನ್ನೆಲೆ. ಅವರ ತಂದೆ ಸುಬ್ಬಯ್ಯನಾಯ್ಡು ವೃತ್ತಿರಂಗಭೂಮಿಯ ಹಿರಿಯ ನಟರು. ೧೯೩೪ರ ‘ಸತಿ ಸುಲೋಚನಾ’ ಎಂಬ ಮೊದಲ ಕನ್ನಡ ವಾಕ್ಚಿತ್ರದ ನಾಯಕರು. ಹೀಗೆ ನಾಟಕ ಕಂಪನಿಯ ಹಳೆಯ ದಾರಿಯೂ ಪಾಠದ ಕೊಠಡಿಯಿಂದ ಹೊರಟ ಹೊಸ ದಾರಿಯೂ ಒಂದೇ ಚಿತ್ರದಲ್ಲಿ ಕೂಡಿದವು.

ಶಿರಾ ತಾಲ್ಲೂಕಿನ ಬರಗೂರು ಗ್ರಾಮದ ರಾಮಚಂದ್ರಪ್ಪನವರೂ ಕನ್ನಡ ಅಧ್ಯಾಪಕರೇ. ಕಾದಂಬರಿಕಾರರಾಗಿ, ಬಂಡಾಯ ಸಾಹಿತ್ಯ ಸಂಘಟನೆಯ ಮುಂದಾಳುಗಳಲ್ಲಿ ಒಬ್ಬರಾಗಿ ಪರಿಚಿತರಾದ ಅವರು, ‘ಒಂದು ಊರಿನ ಕಥೆ’, ‘ಬೆಂಕಿ’, ‘ಸೂರ್ಯ’ ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ಅಧ್ಯಾಪಕ ವೃತ್ತಿಯನ್ನು ಅವರು ಹೊರಗೆ ಬಿಟ್ಟು ಚಿತ್ರರಂಗಕ್ಕೆ ಬರಲಿಲ್ಲ. ಅದನ್ನು ಜೊತೆಗೇ ತಂದರು. ರಷ್ಯದ ಲೇಖಕ ಗಾರ್ಕಿಯ ಕಾದಂಬರಿ ಅವರ ಕೈಯಲ್ಲಿ ‘ತಾಯಿ’ ಎಂಬ ಚಿತ್ರವಾಯಿತು. ತರಗತಿಯಲ್ಲಿ ಹಳಗನ್ನಡದ ಪಾಠವಾಗಿ ಓದುವ ಜನ್ನನ ‘ಯಶೋಧರ ಚರಿತೆ’ ‘ಅಮೃತಮತಿ’ ಎಂಬ ಚಿತ್ರವಾಯಿತು. ಕಾವ್ಯದಲ್ಲಿ ನಿಂದೆಗೆ ಗುರಿಯಾದ ರಾಣಿಯ ಮನಸ್ಸನ್ನು ಅವರು ಹೊಸದಾಗಿ ವಿಚಾರಿಸಿ ನೋಡಿದರು. ೨೦೧೬ರಲ್ಲಿ ರಾಯಚೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬರಗೂರರೂ, ೨೦೨೩ರಲ್ಲಿ ಹಾವೇರಿಯಲ್ಲಿ ನಡೆದ ಸಮ್ಮೇಳನಕ್ಕೆ ದೊಡ್ಡರಂಗೇಗೌಡರೂ ಅಧ್ಯಕ್ಷರಾದರು.

ಇವರೆಲ್ಲರ ವೃತ್ತಿಜೀವನದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮನುಷ್ಯನು ಶ್ರದ್ಧೆಯಿಂದ ಕಲಿತ ಯಾವ ವಿದ್ಯೆಯೂ ವ್ಯರ್ಥವಾಗುವುದಿಲ್ಲ. ಒಂದು ಕೆಲಸದಲ್ಲಿ ಗಳಿಸಿದ ಹದ ಮತ್ತೊಂದು ಕೆಲಸದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಒಬ್ಬನ ವಿದ್ಯೆ ಮಾತ್ರ ಚಿತ್ರವಾಗದು. ತನಗೆ ತಿಳಿಯದುದನ್ನು ಬಲ್ಲವರ ಜೊತೆ ಕೂಡಿ ದುಡಿಯುವ ವಿನಯವೂ ಬೇಕು. ಚಿತ್ರಮಂದಿರದಲ್ಲಿ ತೆರೆಯ ಮೇಲೆ ಸಾಲಾಗಿ ಮೂಡುವ ಹೆಸರುಗಳನ್ನು ಓದದೆ ಬಿಡುವವರೇ ಹೆಚ್ಚು. ಆ ಒಂದೊಂದು ಹೆಸರಿನ ಹಿಂದೆಯೂ ಒಂದು ಊರು ಇರುತ್ತದೆ, ಒಂದು ಕಸುಬು ಇರುತ್ತದೆ, ಬಹು ವರ್ಷಗಳ ಕಲಿಕೆ ಇರುತ್ತದೆ. ಮಧುಗಿರಿಯ ಬೆಟ್ಟದ ತಪ್ಪಲಿನಲ್ಲಿಯೋ ಪಾವಗಡದ ಬಯಲಿನಲ್ಲಿಯೋ ಊರ ನಾಟಕದ ಹಾಡು ಕೇಳುತ್ತ ಬೆಳೆದ ಬಾಲಕ ಬಾಲಕಿಯರ ಹೆಸರುಗಳಿಗೂ ಆ ಸಾಲಿನಲ್ಲಿ ಸ್ಥಳವುಂಟು.