ತೂಕ ಇಳಿಯಲಿಲ್ಲವೆಂದು ವ್ಯಾಯಾಮ ಬಿಡಬೇಡಿ: ಬಿಎಂಐ, ಕೊಬ್ಬು, ಸೊಂಟದ ಅಳತೆ ನೋಡುವುದು ಹೀಗೆ

ಜಿಮ್ ಸೇರಿ ಎರಡು ತಿಂಗಳಾದರೂ ತೂಕ ಇಳಿಯಲಿಲ್ಲವೆಂದು ವ್ಯಾಯಾಮವನ್ನೇ ಕೈಬಿಡುವವರು ಎಷ್ಟೋ ಮಂದಿ. ಅವರಲ್ಲಿ ಹಲವರ ಮೈಯಲ್ಲಿ ಕೊಬ್ಬು ಕರಗಿ ಸ್ನಾಯು ಬೆಳೆದಿರುತ್ತದೆ. ತೂಕದ ಯಂತ್ರ ಎರಡನ್ನೂ ಒಟ್ಟಿಗೇ ತೂಗುವುದರಿಂದ ಆ ಬದಲಾವಣೆ ಕಾಣುವುದಿಲ್ಲ. ಇನ್ನು ಕೆಲವರು ಎತ್ತರಕ್ಕೆ ತಕ್ಕ ತೂಕದ ಅಂಕಿಯಾದ ಬಿಎಂಐ ‘ನಾರ್ಮಲ್’ ಎಂದು ಬಂದಿತೆಂದು ನೆಮ್ಮದಿಯಾಗಿರುತ್ತಾರೆ. ಹೊಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಬರುತ್ತಿರುತ್ತದೆ. ಯಾವ ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದು ಇಬ್ಬರಿಗೂ ಗೊತ್ತಿರಬೇಕು. ಅದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಒಂದು ತೂಕದ ಯಂತ್ರ, ದರ್ಜಿಯ ಟೇಪು, ಬರೆದಿಡಲು ಒಂದು ನೋಟ್‌ಬುಕ್ ಸಾಕು.

ಮೊದಲು ಬಿಎಂಐ ಲೆಕ್ಕ

ಗೋಡೆಗೆ ಹಿಮ್ಮಡಿ ತಾಗಿಸಿ, ಬರಿಗಾಲಲ್ಲಿ, ನೇರ ಮುಂದೆ ನೋಡುತ್ತಾ ನಿಂತು ಎತ್ತರ ಅಳೆಸಿಕೊಳ್ಳಿ. ತೂಕವನ್ನು ಬೆಳಿಗ್ಗೆ ಶೌಚಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುಂಚೆ ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಕಾರ್ಪೆಟ್, ಮ್ಯಾಟ್ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ಆಮೇಲೆ ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. 165 ಸೆಂ.ಮೀ. ಎತ್ತರ, 68 ಕಿಲೊ ತೂಕದವರೆಂದರೆ 68ನ್ನು 1.65ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.65ರಿಂದ ಭಾಗಿಸಬೇಕು. ಉತ್ತರ ಸುಮಾರು 24.98.

ಇಲ್ಲೇ ಎಚ್ಚರ ಬೇಕು. ಅಂತರ್ಜಾಲದಲ್ಲಿ ಸಿಗುವ ಬಹುತೇಕ ಕ್ಯಾಲ್ಕುಲೇಟರ್‌ಗಳು 18.5ರಿಂದ 25ರವರೆಗಿನದನ್ನು ಸರಿಯಾದ ತೂಕ ಎಂದು ತೋರಿಸುತ್ತವೆ. ಅದು ಇಡೀ ಜಗತ್ತಿಗೆ ಅನ್ವಯಿಸಿ ಮಾಡಿದ ಪಟ್ಟಿ. ಭಾರತೀಯರಿಗೆ ನಮ್ಮ ವೈದ್ಯರು ಬಳಸುವ ಗೆರೆ ಬೇರೆ: 23 ದಾಟಿದರೆ ಹೆಚ್ಚಿನ ತೂಕ, 25 ಮುಟ್ಟಿದರೆ ಬೊಜ್ಜು. ಮೇಲಿನ ಉದಾಹರಣೆಯ ವ್ಯಕ್ತಿ ಮೊದಲ ಪಟ್ಟಿಯಲ್ಲಿ ನಾರ್ಮಲ್, ಎರಡನೆಯದರಲ್ಲಿ ಬೊಜ್ಜಿನ ಹೊಸ್ತಿಲಲ್ಲಿ. ಅವರು 23ರೊಳಗೆ ಬರಬೇಕಾದರೆ ತೂಕ ಸುಮಾರು 62 ಕಿಲೊಗೆ ಇಳಿಯಬೇಕು.

ಗೆರೆ ಹೀಗೆ ಬದಲಾಗಲು ಕಾರಣವಿದೆ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಕ್ಕಪಕ್ಕದಲ್ಲಿ ಪ್ರಕಟವಾಯಿತು. ಒಬ್ಬರು ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಸ್ಕ್ಯಾನ್ ಮಾಡಿದಾಗ ಯಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2! ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದು ನಮ್ಮ ಜನರ ಮೈಕಟ್ಟಿನ ಲಕ್ಷಣ. ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ.

ಬಿಎಂಐ ಇನ್ನೊಂದು ದಿಕ್ಕಿನಲ್ಲೂ ತಪ್ಪುತ್ತದೆ. ಮೈಸೂರಿನ ಗರಡಿ ಮನೆಯಲ್ಲಿ ಸಾಮು ಮಾಡಿ ಮೈ ಹುರಿಗೊಳಿಸಿದ ಪೈಲ್ವಾನನ ಬಿಎಂಐ ಲೆಕ್ಕ ಹಾಕಿದರೆ ಬೊಜ್ಜಿನ ಪಟ್ಟಿಗೆ ಸೇರಬಹುದು. ಅವನ ತೂಕವೆಲ್ಲ ಸ್ನಾಯುವಿನದು. ಈ ಸೂತ್ರವನ್ನು ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದವರು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ. ಅವರಿಗೆ ಬೇಕಿದ್ದದ್ದು ಜನಸಮುದಾಯದ ಸರಾಸರಿ. ಒಬ್ಬೊಬ್ಬರ ಆರೋಗ್ಯ ತೀರ್ಮಾನಿಸುವ ಉದ್ದೇಶ ಅವರಿಗಿರಲಿಲ್ಲ. ಮಕ್ಕಳಿಗೆ ಈ ಗೆರೆಗಳು ಅನ್ವಯಿಸುವುದಿಲ್ಲ, ಅವರಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿ ಇದೆ. ಗರ್ಭಿಣಿಯರಿಗೂ ಇದು ಹೊಂದುವುದಿಲ್ಲ. ವಯಸ್ಸಾದವರಲ್ಲಿ ಸ್ನಾಯು ಕರಗಿ ಕೊಬ್ಬು ಏರುತ್ತಿದ್ದರೂ ಬಿಎಂಐ ನಿಂತಲ್ಲೇ ನಿಂತಿರಬಹುದು.

ಸೊಂಟ ಅಳೆಯುವುದನ್ನು ಸರಿಯಾಗಿ ಕಲಿಯಿರಿ

ಎಲ್ಲ ಅಳತೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಕರುಳು, ಯಕೃತ್ತಿನ ಸುತ್ತ ಕೂರುವ ಕೊಬ್ಬೇ ಹೃದಯಕ್ಕೂ ಸಕ್ಕರೆ ನಿಯಂತ್ರಣಕ್ಕೂ ಹೆಚ್ಚು ತೊಂದರೆ ಕೊಡುವಂಥದ್ದು. ಅದರ ಸುಳಿವು ಕೊಡುವುದು ಸೊಂಟದ ಸುತ್ತಳತೆ.

ಪ್ಯಾಂಟಿನ ಸೈಜನ್ನೇ ಸೊಂಟದ ಅಳತೆ ಎಂದು ಹೇಳಿಬಿಡುವವರು ಬಹಳ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯಿಂದ ಕೆಳಗಿಳಿಸಿ ಹಾಕುತ್ತಾರೆ. 34ರ ಪ್ಯಾಂಟ್ ತೊಟ್ಟವರ ನಿಜವಾದ ಅಳತೆ 38 ಇಂಚು ಇರಬಹುದು. ಸೀರೆಯ ಒಳಲಂಗದ ಲಾಡಿ ಕಟ್ಟುವ ಜಾಗವೂ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಸರಿಯಾದ ಜಾಗ ಹುಡುಕಲು ಪಕ್ಕಕ್ಕೆ ಕೈಯಿಟ್ಟು ಪಕ್ಕೆಲುಬು ಮುಗಿಯುವಲ್ಲಿ ಬೆರಳೊತ್ತಿ ನೋಡಿ. ಅಲ್ಲಿಂದ ಕೆಳಕ್ಕೆ ಸರಿದಂತೆ ಸೊಂಟದ ಮೂಳೆಯ ಮೇಲಂಚು ಗಟ್ಟಿಯಾಗಿ ಕೈಗೆ ಸಿಗುತ್ತದೆ. ಇವೆರಡರ ನಡುಮಧ್ಯದಲ್ಲಿ ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ಬಟ್ಟೆ ಸರಿಸಿ, ಆ ಗುರುತಿನ ಮೇಲೆ ಹಾಯುವಂತೆ ಟೇಪು ಸುತ್ತಿ. ಬೆನ್ನ ಹಿಂದೆ ಟೇಪು ಇಳಿಬೀಳುವುದೇ ಹೆಚ್ಚು, ಕನ್ನಡಿಯಲ್ಲಿ ನೋಡಿ ಅಥವಾ ಮನೆಯವರಿಗೆ ಹಿಡಿಯಲು ಹೇಳಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಅಂಕಿ ಓದಿ. ಎರಡು ಸಲ ಅಳೆದು ಸರಾಸರಿ ಬರೆದಿಡಿ.

ನಮ್ಮವರಿಗೆ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಇಂಚಿನಲ್ಲಿ ಸುಮಾರು 35.5 ಮತ್ತು 31.5. ಜೊತೆಗೆ ಇನ್ನೊಂದು ಸುಲಭ ಪರೀಕ್ಷೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 165 ಸೆಂ.ಮೀ. ಎತ್ತರದವರಿಗೆ ಅದು 82.5. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಐಸಿಎಂಆರ್–ಇಂಡಿಯಾಬ್ ಅಧ್ಯಯನದಲ್ಲಿ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ 28.6, ಸೊಂಟದ ಅಳತೆ ಪ್ರಕಾರ ಶೇ 39.5. ಬಿಎಂಐ ಒಂದನ್ನೇ ನೋಡಿದರೆ ಎಷ್ಟು ಮಂದಿ ತಪ್ಪಿಸಿಕೊಳ್ಳುತ್ತಾರೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಕೊಬ್ಬಿನ ಶೇಕಡಾವಾರು

ಜಿಮ್‌ಗಳಲ್ಲಿ, ಈಗ ಮನೆಗಳಲ್ಲೂ ಇರುವ ‘ಬಾಡಿ ಫ್ಯಾಟ್’ ತೋರಿಸುವ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಅತಿ ಸಣ್ಣ ವಿದ್ಯುತ್ತನ್ನು ಮೈಯೊಳಗೆ ಹಾಯಿಸಿ ಅದಕ್ಕೆ ಎದುರಾಗುವ ತಡೆಯನ್ನು ನೋಡುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದು ಕಷ್ಟ. ಆ ತಡೆಯ ಜೊತೆಗೆ ನೀವು ಕೊಟ್ಟ ಎತ್ತರ, ವಯಸ್ಸು, ಲಿಂಗವನ್ನು ಸೇರಿಸಿ ಅಂದಾಜು ಮಾಡುತ್ತದೆ. ಆದ್ದರಿಂದ ಮೈಯಲ್ಲಿ ನೀರು ಏರುಪೇರಾದರೆ ಅಂಕಿಯೂ ಏರುಪೇರು. ಬೆವರು ಸುರಿಸಿ ಟ್ರೆಡ್‌ಮಿಲ್‌ನಿಂದ ಇಳಿದ ಕೂಡಲೇ ನೋಡಿದ್ದಕ್ಕೆ ಬೆಲೆಯಿಲ್ಲ. ಉಪ್ಪಿನಕಾಯಿ, ಹಪ್ಪಳ ಜೋರಾಗಿದ್ದ ಊಟದ ಮರುದಿನವೂ ಹೆಣ್ಣುಮಕ್ಕಳ ಮುಟ್ಟಿನ ದಿನಗಳಲ್ಲೂ ಮೈ ನೀರು ಹಿಡಿದಿಟ್ಟುಕೊಂಡಿರುತ್ತದೆ. ಕಾಲಿಟ್ಟು ನಿಲ್ಲುವ ಯಂತ್ರದಲ್ಲಿ ವಿದ್ಯುತ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವುದರಿಂದ ಎದೆ, ತೋಳುಗಳದ್ದು ಬರೀ ಅಂದಾಜು. ಕೈಹಿಡಿಗಳೂ ಇರುವ ಯಂತ್ರ ವಾಸಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಮೇಲೆ ನಿಲ್ಲಲೇಬಾರದು. ಗರ್ಭಿಣಿಯರಿಗೂ ಇದು ಬೇಡ.

ಚಿಮಟದಂಥ ಕ್ಯಾಲಿಪರ್‌ನಿಂದ ಚರ್ಮದ ಮಡಿಕೆ ಹಿಡಿದು ಅಳೆಯುವ ವಿಧಾನವೂ ಇದೆ. ಪಳಗಿದ ಕೈ ಬೇಕು, ಪ್ರತಿ ಸಲ ಒಬ್ಬರೇ ಅಳೆಯಬೇಕು. ಎಕ್ಸ್-ರೇ ಬಳಸಿ ಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಇವೆಲ್ಲಕ್ಕಿಂತ ನಂಬಿಕಸ್ತ. ವೈದ್ಯರು ಹೇಳದೆ ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಬಂದ ಅಂಕಿಯನ್ನು ಓದುವುದು ಹೇಗೆ? ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಸಂಸ್ಥೆಯ ಪಟ್ಟಿಯಂತೆ ಗಂಡಸರಲ್ಲಿ ಶೇ 18ರಿಂದ 24, ಹೆಂಗಸರಲ್ಲಿ ಶೇ 25ರಿಂದ 31 ಸಾಮಾನ್ಯ. ಅದನ್ನು ದಾಟಿದರೆ ಹೆಚ್ಚು. ಹೆಣ್ಣಿನ ದೇಹಕ್ಕೆ ಬದುಕಲು ಬೇಕಾದ ಕನಿಷ್ಠ ಕೊಬ್ಬೇ ಶೇ 10ರಿಂದ 13. ಗಂಡಸರ ಅಂಕಿಯನ್ನು ನೋಡಿ ಅದಕ್ಕೆ ಪೈಪೋಟಿ ನಡೆಸುವ ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು: ಕೊಬ್ಬು ತೀರಾ ಇಳಿದರೆ ಮುಟ್ಟು ನಿಂತುಹೋಗಬಹುದು, ಮೂಳೆ ಸವೆಯಬಹುದು.

ಶೇಕಡಾವಾರನ್ನು ಕಿಲೊಗೆ ಬದಲಿಸಿಕೊಂಡರೆ ವ್ಯಾಯಾಮದ ಫಲ ಕಾಣುತ್ತದೆ. 155 ಸೆಂ.ಮೀ. ಎತ್ತರದ ಮಹಿಳೆಯೊಬ್ಬರ ತೂಕ 64 ಕಿಲೊ, ಕೊಬ್ಬು ಶೇ 36 ಎಂದುಕೊಳ್ಳಿ. ಅಂದರೆ ಕೊಬ್ಬು 23 ಕಿಲೊ, ಉಳಿದದ್ದು 41 ಕಿಲೊ. ಮೂರು ತಿಂಗಳು ನಡಿಗೆ, ಡಂಬೆಲ್, ಬಸ್ಕಿ ಮಾಡಿದ ಮೇಲೆ ತೂಕ 62, ಕೊಬ್ಬು ಶೇ 32. ಈಗ ಕೊಬ್ಬು ಸುಮಾರು 19.8 ಕಿಲೊ, ಉಳಿದದ್ದು 42.2. ತೂಕ ಇಳಿದದ್ದು ಎರಡೇ ಕಿಲೊ, ಬಿಎಂಐ 26.6ರಿಂದ 25.8ಕ್ಕೆ ಬಂದಿದೆ ಅಷ್ಟೇ. ಕರಗಿದ ಕೊಬ್ಬು ಮಾತ್ರ ಮೂರು ಕಿಲೊ ದಾಟಿದೆ. ಯಂತ್ರದ ಅಂಕಿ ಆಚೀಚೆ ಆಗುವುದರಿಂದ ಇದನ್ನು ಸೊಂಟದ ಅಳತೆಯೊಂದಿಗೆ ತಾಳೆ ನೋಡಿ. ಟೇಪೂ ಇಳಿದಿದ್ದರೆ ಅನುಮಾನವೇ ಬೇಡ.

ಎಷ್ಟು ದಿನಕ್ಕೊಮ್ಮೆ?

ತೂಕ ವಾರಕ್ಕೊಮ್ಮೆ, ಸೊಂಟ ಹದಿನೈದು ದಿನಕ್ಕೊಮ್ಮೆ, ಕೊಬ್ಬಿನ ಶೇಕಡಾವಾರು ತಿಂಗಳಿಗೊಮ್ಮೆ. ಅದೇ ಯಂತ್ರ, ಅದೇ ಹೊತ್ತು, ಅದೇ ಖಾಲಿ ಹೊಟ್ಟೆ. ಅನ್ನ ಬಿಟ್ಟ ಮೊದಲ ವಾರದಲ್ಲೇ ಎರಡು ಕಿಲೊ ಇಳಿಯಿತೆಂದು ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಊಟ ಕಡಿಮೆ ಮಾಡಿ ಬರೀ ನಡೆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತನ್ನೂ ಹೇಳಿರುವುದರ ಮಹತ್ವ ಇಲ್ಲಿದೆ. ಬೇಳೆ, ಕಾಳು, ಮೊಟ್ಟೆ, ಮೊಸರು ತಟ್ಟೆಯಲ್ಲಿ ಹೆಚ್ಚಲಿ.

ಬಿಎಂಐ 23ರೊಳಗಿದ್ದೂ ಸೊಂಟ ಮಿತಿ ದಾಟಿದ್ದರೆ ಸುಮ್ಮನಿರಬೇಡಿ. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಂಡು ವೈದ್ಯರಿಗೆ ತೋರಿಸಿ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೇ ಸಿಗುತ್ತದೆ.