ಸೈನೈಡ್ ದಿಬ್ಬದ ಪಕ್ಕದ ಹಿತ್ತಲು: ಒಂದು ಪಾಠದ ಅನುಭವ

ತರಗತಿ: 8. ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಉಪಘಟಕ: ಸಾವಯವ ಗೊಬ್ಬರ. ಅವಧಿ: 40 ನಿಮಿಷ.

ನಮ್ಮ ಮನೆ ಬಂಗಾರಪೇಟೆಯಲ್ಲಿ. ಹಿತ್ತಲಲ್ಲಿ ಎರಡು ಗಿರಿರಾಜ, ನಾಲ್ಕು ನಾಟಿ ಕೋಳಿಗಳಿವೆ. ಅವುಗಳ ಹಿಕ್ಕೆಯೇ ನಮ್ಮ ಸೊಪ್ಪಿನ ಪಾತಿಗೆ ಗೊಬ್ಬರ. ಅಮ್ಮ ಮೊದಲು ಹಿಕ್ಕೆಗೆ ಒಲೆಯ ಬೂದಿ ಬೆರೆಸುತ್ತಿದ್ದರು. ಬೂದಿಯ ಕ್ಷಾರಕ್ಕೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ ಎಂದು ಬಿಎಸ್ಸಿಯಲ್ಲಿ ಓದಿದ ಮೇಲೆ ತರಗೆಲೆ ಬೆರೆಸುತ್ತಿದ್ದೇವೆ. ಹಾಗಾಗಿ ಈ ಪಾಠ ನನಗೆ ಸುಲಭ ಎಂದುಕೊಂಡೆ.

ಕೆಜಿಎಫ್‌ನ ಶಾಲೆಗೆ ಎರಡು ಪೊಟ್ಟಣ ಒಯ್ದಿದ್ದೆ: ಒಂದರಲ್ಲಿ ಹಸಿ ಹಿಕ್ಕೆ, ಇನ್ನೊಂದರಲ್ಲಿ ಮೂರು ತಿಂಗಳು ಕೊಳೆತ ಗೊಬ್ಬರ. ಮಕ್ಕಳು ಮೂಸಿ ನೋಡಿದರು. ಹಸಿ ಹಿಕ್ಕೆಯ ಘಾಟಿನಿಂದ ಅಮೋನಿಯಕ್ಕೆ, ಅಲ್ಲಿಂದ ಅದು ಎಳೆಸಸಿಯನ್ನು ಸುಡುವುದಕ್ಕೆ ಪಾಠ ತಾನಾಗಿ ಸಾಗಿತು. ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಬರೆದುಕೊಳ್ಳುತ್ತಿದ್ದರು.

ಆಗ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ನಮ್ಮನೆ ಹಿಂದೇನೇ ಸೈನೈಡ್ ದಿಬ್ಬ. ಕೋಳಿ ಅಲ್ಲೇ ಕೆದಕ್ತವೆ. ಮೊಟ್ಟೆ ತಿನ್ನಬಹುದಾ?"

"ರಾಸಾಯನಿಕ ಹಾಕದಿದ್ದರೆ ಏನೂ ಆಗಲ್ಲಮ್ಮ" ಎಂದುಬಿಟ್ಟೆ.

ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲಿತ್ತು: 'ಆ ಉತ್ತರವನ್ನು ಮತ್ತೆ ಯೋಚಿಸಿ.' ಸಂಜೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದವಳು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಾವು ರಾಸಾಯನಿಕ ಹಾಕದಿರುವುದು ಒಂದು, ಮಣ್ಣಲ್ಲಿ ಮೊದಲೇ ಇಲ್ಲದಿರುವುದು ಇನ್ನೊಂದು. ಎರಡನ್ನೂ ಒಂದೇ ಮಾಡಿ, ಮಗುವಿನ ಊಟದ ವಿಷಯದಲ್ಲಿ ತಪ್ಪು ಹೇಳಿದ್ದೆ.

ಮರುದಿನ ಪಾಠಯೋಜನೆ ಬದಿಗಿಟ್ಟು, ನಿನ್ನೆಯ ಉತ್ತರ ತಪ್ಪು ಎಂದೇ ಆರಂಭಿಸಿದೆ. ನೂರಕ್ಕೂ ಹೆಚ್ಚು ವರ್ಷ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದದ್ದೇ ಆ ದಿಬ್ಬಗಳು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಅವು ಉಳಿದವು. ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ವಿಭಜನೆಯಾಗುತ್ತದೆ. ಅದಿರಿನ ಜೊತೆ ಬಂದ ಆರ್ಸೆನಿಕ್ ಹಾಗಲ್ಲ. ಅದು ಧಾತು, ಕೊಳೆಯುವುದಿಲ್ಲ. ಕೋಳಿ ಕೆದಕಿ ತಿನ್ನುವಾಗ ಮಣ್ಣೂ ಹೊಟ್ಟೆಗೆ ಹೋಗುತ್ತದೆ.

"ಹಾಗಾದ್ರೆ ಹಿಕ್ಕೇಲೂ ಬರುತ್ತೆ, ಗೊಬ್ಬರದಲ್ಲೂ ಬರುತ್ತೆ ಅಲ್ವಾ ಮಿಸ್?" ಎಂದ ಒಬ್ಬ ಹುಡುಗ. ವಿಸ್ತರಣೆ ಹಂತಕ್ಕೆ ನಾನು ಬರೆದಿಟ್ಟಿದ್ದ ಮೂರು ಪ್ರಶ್ನೆಗಳಿಗಿಂತ ಇದು ಮೇಲು.

ಮಣ್ಣು ಪರೀಕ್ಷೆ ಮಾಡಿಸಬಹುದಲ್ಲ ಎಂದರು ಇನ್ನು ಕೆಲವರು. ಮಣ್ಣು ಆರೋಗ್ಯ ಕಾರ್ಡನ್ನು ತೋರಿಸಿದೆ. ಅದರಲ್ಲಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್, ಸತು ಎಂದು 12 ಅಂಶಗಳಿವೆ, ಆರ್ಸೆನಿಕ್ ಇಲ್ಲ. ಕಾರ್ಡ್ ಚೆನ್ನಾಗಿದೆ ಎಂದರೆ ಬೆಳೆಗೆ ಮಣ್ಣು ಚೆನ್ನಾಗಿದೆ ಎಂದಷ್ಟೇ ಅರ್ಥ. ಲೋಹಗಳಿಗೆ ಬೇರೆ ಪ್ರಯೋಗಾಲಯ ಬೇಕು. ಆ ಪರೀಕ್ಷೆ ಇಲ್ಲದೆ ಮೊಟ್ಟೆಯ ಬಗ್ಗೆ ಹೌದು, ಅಲ್ಲ ಎಂದು ಯಾರೂ ಹೇಳಲಾಗದು ಎಂದು ಆ ಹುಡುಗಿಗೆ ನೇರವಾಗಿ ಹೇಳಿದೆ.

ಅಲ್ಲಿಯವರೆಗೆ ಮಾಡಬಹುದಾದದ್ದನ್ನು ಕಪ್ಪುಹಲಗೆಯಲ್ಲಿ ಮಕ್ಕಳೇ ಬರೆದರು. ಕೋಳಿ ದಿಬ್ಬದ ಕಡೆ ಹೋಗದಂತೆ ಬಲೆ ಕಟ್ಟುವುದು, ಕಾಳನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿಡುವುದು, ಬೇರೆ ಕಡೆಯ ಮಣ್ಣನ್ನು ಚೀಲಕ್ಕೆ ತುಂಬಿ ಗಿಡ ಬೆಳೆಸುವುದು. ಕಾಯಿಗಿಂತ ಸೊಪ್ಪಿಗೂ ಗೆಡ್ಡೆಗೂ ಇಂಥ ಧಾತು ಹೆಚ್ಚು ಸೇರುವುದರಿಂದ ಸೋರೆ, ಹೀರೆ ಹಾಕುವುದನ್ನು ನಾನು ಸೇರಿಸಿದೆ. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ವಾರದ ನಂತರ ಹುಡುಗಿ ವರದಿ ಒಪ್ಪಿಸಿದಳು. ಬಲೆಗೆ ಅವಳ ಪಾಟಿ ಒಪ್ಪಲಿಲ್ಲವಂತೆ. ಕೂಡಿಹಾಕಿದ ಕೋಳಿ ಮೊಟ್ಟೆ ಇಡುತ್ತದಾ ಎಂದು ಬೈದರಂತೆ. ತಟ್ಟೆಗೆ ಮಾತ್ರ ಒಪ್ಪಿದ್ದಾರೆ. ಮೂರು ಅಕ್ಕಿ ಚೀಲ ಸಿದ್ಧವಾಗಿವೆ, ಮಣ್ಣು ಬೇಕು. ನಮ್ಮೂರ ಕಡೆಯಿಂದ ಕೆರೆಗೋಡು ತರುತ್ತೇನೆ ಎಂದೆ.

"ಮಿಸ್, ಕೋಲಾರದ ಕೆರೆಗಳಿಗೆ ಬೆಂಗಳೂರಿನ ಚರಂಡಿ ನೀರು ಶುದ್ಧ ಮಾಡಿ ಬಿಡ್ತಾರಲ್ಲ, ಕೆಸಿ ವ್ಯಾಲಿದು? ಆ ಗೋಡು ಪರವಾಗಿಲ್ವಾ?"

ಈ ಸಲ ತಕ್ಷಣ ಉತ್ತರಿಸಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಆ ನೀರು ಯಾವ ಯಾವ ಕೆರೆಗೆ ಬರುತ್ತದೆ ಎಂದು ಪತ್ತೆ ಮಾಡುವುದನ್ನು ನನಗೂ ಸೇರಿಸಿ ಎಲ್ಲರಿಗೂ ಮನೆಗೆಲಸವಾಗಿ ಕೊಟ್ಟೆ.