ಆಂಪ್ಸ್‌ಗೆ ಎಷ್ಟು, ಸದ್ದಿಲ್ಲದ್ದಕ್ಕೆ ಎಷ್ಟು

ಹ್ಯಾಮ್ ರೇಡಿಯೊದವರು ನಾಲ್ಕು ಜನ ಸೇರಿದರೆ ಸೆಟ್ಟಿನ ಬೆಲೆ ಮಾತಿಗೆ ಬರುತ್ತದೆ, ಆಂಟೆನಾದ್ದೂ ಬರುತ್ತದೆ. ಗೋಡೆಯ 230 ವೋಲ್ಟನ್ನು 13.8 ವೋಲ್ಟ್ ಡಿಸಿಗೆ ಇಳಿಸಿಕೊಡುವ ಪವರ್ ಸಪ್ಲೈಗೆ ಎಷ್ಟು ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಲಕ್ಷ ದಾಟಿದ ಸೆಟ್ಟು ಕೊಂಡ ಮೇಲೆ ಜೇಬಿನಲ್ಲಿ ಉಳಿದ ಚಿಲ್ಲರೆಯೇ ಅದರ ಬಜೆಟ್ಟು. ನನ್ನ ಲೆಕ್ಕ ಬೇರೆ. ಸೆಟ್ಟು ಬದಲಾಗುತ್ತದೆ, ಬಾಡಿಗೆ ಮನೆ ಬದಲಾದರೆ ಆಂಟೆನಾವೂ ಬದಲಾಗುತ್ತದೆ, ಒಳ್ಳೆಯ ಸಪ್ಲೈ ಮಾತ್ರ ಎಲ್ಲದರ ಜೊತೆಗೂ ಬಾಳುತ್ತದೆ. ಅದನ್ನು ನಾನು ಆಸ್ತಿಯ ಕಡೆ ಬರೆದುಕೊಳ್ಳುತ್ತೇನೆ.

100 ವಾಟಿನ ಸೆಟ್ಟುಗಳಲ್ಲಿ ಜನಪ್ರಿಯವಾದ ಐಕಾಮ್ ಐಸಿ-7300 ಸುಮ್ಮನೆ ಕೇಳಿಸಿಕೊಳ್ಳುವಾಗ ಸುಮಾರು 1 ಆಂಪ್ಸ್ ಎಳೆಯುತ್ತದೆ, ಪೂರ್ತಿ ಪವರಿನಲ್ಲಿ ಪ್ರಸಾರ ಮಾಡುವಾಗ 21. ಎಸ್‌ಎಸ್‌ಬಿಯಲ್ಲಿ ಮಾತಾಡಿದರೆ ಕರೆಂಟು ದನಿಯ ಜೊತೆ ಏರಿಳಿಯುತ್ತದೆ. ಎಫ್‌ಟಿ8 ಹಾಗಲ್ಲ. 15 ಸೆಕೆಂಡಿನ ಸರದಿಯಲ್ಲಿ 12 ಸೆಕೆಂಡಿಗೂ ಹೆಚ್ಚು ಹೊತ್ತು ಒಂದೇ ಸಮ ಎಳೆಯುತ್ತದೆ. ಆದ್ದರಿಂದ ನೋಡಬೇಕಾದ್ದು ಸತತವಾಗಿ ಎಷ್ಟು ಕೊಡುತ್ತದೆ ಎಂಬುದನ್ನು. ಅಮೆರಿಕದ ಆಸ್ಟ್ರಾನ್ ಆರ್‌ಎಸ್-35ರ ಹೆಸರಲ್ಲೇ 35 ಇದೆ. ಅದು ಸತತವಾಗಿ ಕೊಡುವುದು 25. ಇನ್ನು ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸದ ಬಿಟ್‌ಎಕ್ಸ್‌ನಂಥ ಕೆಲವೇ ವಾಟಿನ ಸೆಟ್ಟು ಇಟ್ಟುಕೊಂಡವರಿಗೆ 3 ಆಂಪ್ಸ್ ಧಾರಾಳ. ಅವರು ಈ ಅಂಕಣವನ್ನು ಇಲ್ಲಿಗೇ ಬಿಟ್ಟು ದುಡ್ಡು ಉಳಿಸಿಕೊಳ್ಳಬಹುದು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಮೊದಲು ಮುಂದಿಡುವುದು ಎಲ್‌ಇಡಿ ಬೋರ್ಡುಗಳಿಗೆ ಹಾಕುವ, ತೂತುತೂತು ತಗಡಿನ ಎಸ್‌ಎಂಪಿಎಸ್. “ಸರ್, 12 ವೋಲ್ಟ್, 29 ಆಂಪ್ಸ್. ಕಣ್ಮುಚ್ಕೊಂಡು ತಗೊಂಡ್ಹೋಗಿ.” ಮೂರು ಸಾವಿರದ ಆಸುಪಾಸು. ಕಣ್ಣು ಬಿಟ್ಟು ಲೇಬಲ್ ಓದಿದರೆ ಅದು 350 ವಾಟಿನ ಮಾಲು; ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ 13.8ಕ್ಕೆ ಏರಿಸಿದರೆ ಸಿಗುವುದು 25 ಆಂಪ್ಸ್. ಅಷ್ಟೂ ಸಾಕು. ತಕರಾರಿರುವುದು ಸದ್ದಿನ ವಿಷಯದಲ್ಲಿ. ಇದರೊಳಗಿನ ಟ್ರಾನ್ಸಿಸ್ಟರು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತಿರುತ್ತದೆ. ಫಿಲ್ಟರಿನಲ್ಲಿ ಜಿಪುಣತನ ಮಾಡಿದ್ದರೆ ಅದರ ಹಾರ್ಮೋನಿಕ್ಸು 80 ಮೀಟರ್, 40 ಮೀಟರ್ ಬ್ಯಾಂಡಿನವರೆಗೂ ಹತ್ತಿ ಬಂದು, ದೂರದ ಸಣ್ಣ ದನಿಗಳು ಆ ಗೊರಗೊರದಲ್ಲಿ ಮುಳುಗಿಹೋಗುತ್ತವೆ. ಆಗ ಜನ ಆಂಟೆನಾ ಸರಿಯಿಲ್ಲವೆಂದು ಹೊಸದು ಕಟ್ಟಿಸುತ್ತಾರೆ, ಪ್ರೀಆಂಪ್ ತರಿಸುತ್ತಾರೆ. ಮೂರು ಸಾವಿರದ ಡಬ್ಬಿ ದುಬಾರಿಯಾಗುವುದು ಹೀಗೆ.

ಕಾಸಿಲ್ಲದ ಪರೀಕ್ಷೆ ಒಂದಿದೆ. ನಾನು ಅಂಗಡಿಗೆ ಹೋಗುವಾಗ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಒಯ್ಯುತ್ತೇನೆ. ಮೀಡಿಯಂ ವೇವ್‌ನಲ್ಲಿ 612ರ ಬೆಂಗಳೂರು ಆಕಾಶವಾಣಿಯಿಂದ ಮುಳ್ಳನ್ನು ಸರಿಸಿ ಖಾಲಿ ಜಾಗದಲ್ಲಿ ನಿಲ್ಲಿಸಿ, ಸಪ್ಲೈಗೆ ಬಲ್ಬು ಹಚ್ಚಿಸಿ, ಹತ್ತಿರ ಹಿಡಿಯುವುದು. ಅಂಗಡಿಯ ತುಂಬ ಎಲ್‌ಇಡಿ ಉರಿಯುತ್ತಿರುವುದರಿಂದ ಪಕ್ಕಾ ತೀರ್ಪು ಸಿಗದು, ಎರಡು ಸಪ್ಲೈಗಳಲ್ಲಿ ಯಾವುದು ವಾಸಿ ಎಂದಂತೂ ಗೊತ್ತಾಗುತ್ತದೆ. ಮನೆಯಲ್ಲಾದರೆ ಸೆಟ್ಟನ್ನು ಬ್ಯಾಟರಿಗೆ ಹಾಕಿ ಕೇಳಿ, ಆಮೇಲೆ ಸಪ್ಲೈಗೆ ಹಾಕಿ ಕೇಳಿ.

ನಾನು ಕೊನೆಗೆ ಕೊಂಡದ್ದು ಫ್ಲ್ಯಾಟಿಗೆ ಹೋಗುತ್ತಿದ್ದ ಹಿರಿಯ ಹವ್ಯಾಸಿಯೊಬ್ಬರ ಸೆಕೆಂಡ್ ಹ್ಯಾಂಡ್ ಲೀನಿಯರ್ ಸಪ್ಲೈ. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು. “ರೀ, ಅದೇನದು ಗುಂಯ್ ಅಂತಿರೋದು?” ಎಂದು ಅಡುಗೆಮನೆಯಿಂದ ಪ್ರಶ್ನೆ ಬರುತ್ತದೆಯೇ ಹೊರತು ರೇಡಿಯೊದಲ್ಲಿ ಸದ್ದಿಲ್ಲ. ಬಿಸಿಯಾಗುತ್ತದೆ, ಕರೆಂಟು ಹಾಳು ಎಂಬ ಆಕ್ಷೇಪ ನಿಜವೇ. ಆದರೆ ಲೆಕ್ಕ ಹಾಕಿ ನೋಡಿ. ಖಾಲಿ ಕೂತಾಗ ಅದು 30 ವಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಗಂಟೆಯಾದರೆ ತಿಂಗಳಿಗೆ ಎರಡು ಯೂನಿಟ್ಟೂ ಇಲ್ಲ; ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಹನ್ನೊಂದು ರೂಪಾಯಿ. ಸ್ವಿಚ್ಚು ಆರಿಸದೆ ಹಗಲೂ ರಾತ್ರಿ ಬಿಟ್ಟರೆ ಅದೇ ನೂರಮೂವತ್ತು, ವರ್ಷಕ್ಕೆ ಒಂದೂವರೆ ಸಾವಿರ. ಉಳಿತಾಯ ಬೆರಳ ತುದಿಯಲ್ಲಿದೆ.

ಲೀನಿಯರ್ ಕೊಳ್ಳುವವರು ಕೇಳಲೇಬೇಕಾದ ಒಂದು ಪ್ರಶ್ನೆ: ಕ್ರೋಬಾರ್ ಇದೆಯೇ? ಒಳಗಿನ ಪಾಸ್ ಟ್ರಾನ್ಸಿಸ್ಟರು ಶಾರ್ಟಾದರೆ 20 ವೋಲ್ಟಿಗೂ ಮೀರಿ ಸೀದಾ ಸೆಟ್ಟಿಗೆ ನುಗ್ಗುತ್ತದೆ. ಕ್ರೋಬಾರಿನ ಎಸ್‌ಸಿಆರ್ ಆ ಕ್ಷಣ ಔಟ್‌ಪುಟ್ಟನ್ನೇ ಶಾರ್ಟ್ ಮಾಡಿ ಫ್ಯೂಸು ಹಾರಿಸುತ್ತದೆ. ಇಲ್ಲದಿದ್ದರೆ ಹಾಕಿಸಿಕೊಳ್ಳಿ, ಕೆಲವೇ ನೂರು ರೂಪಾಯಿಯ ವಿಮೆ ಅದು.

ವೈರಿನಲ್ಲೂ ಕಂಜೂಸಿ ಬೇಡ. ಸಪ್ಲೈಯಿಂದ ಸೆಟ್ಟಿಗೆ ಎರಡು ಮೀಟರ್ ಎಂದರೆ ಹೋಗಿಬರುವ ದಾರಿ ನಾಲ್ಕು. 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 20 ಆಂಪ್ಸ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. 6 ಸ್ಕ್ವೇರ್ ಎಂಎಂ ಹಾಕಿದರೆ ಕಾಲು ವೋಲ್ಟು.

ಹಳೆಯದು ಕೊಳ್ಳುವ ಮುನ್ನ ಜೆ.ಸಿ. ರೋಡಿನಲ್ಲಿ ಕಾರಿನ 55 ವಾಟ್ ಹೆಡ್‌ಲೈಟ್ ಬಲ್ಬು ನಾಲ್ಕು ತೆಗೆದುಕೊಳ್ಳಿ. 13.8 ವೋಲ್ಟಿಗೆ ನಾಲ್ಕೂ ಸೇರಿ 20 ಆಂಪ್ಸ್‌ಗೆ ಹತ್ತಿರ ಬರುತ್ತವೆ. ತಣ್ಣಗಿನ ಫಿಲಮೆಂಟು ಮೊದಲ ಕ್ಷಣ ಜಾಸ್ತಿ ಎಳೆಯುವುದರಿಂದ ಒಂದೊಂದಾಗಿ ಹಚ್ಚಬೇಕು. ಹತ್ತು ನಿಮಿಷ ಉರಿಸಿ, ಮಲ್ಟಿಮೀಟರು 13.8ರಲ್ಲೇ ನಿಂತಿದ್ದರೆ ಚೌಕಾಸಿ ಶುರುಮಾಡಿ. ಬಲ್ಬು ಹಚ್ಚಲು ಮಾರುವವರು ಒಪ್ಪದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ.